ರೊಕ್ಕ ಪಾಯದಾಗ ಕುಂತೈತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಬೇಸಿಗೆಯಲ್ಲಿ ನರಗುಂದ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಅಲ್ಲಿ ಓಣಿಯ ಕೊನೆಗೆ ನಾಲ್ಕು ಗೋಡೆ ಎದ್ದು ನಿಂತಿದ್ದವು. ಬಾಗಿಲು, ಕಿಟಕಿ ಮೇಲೆ ಲಿಂಟಲ್ ಕೂಡ ಬಿದ್ದಿತ್ತು. ಅದರ ಮೇಲೆ ಏನೂ ಇರಲಿಲ್ಲ. ಗೋಡೆಯ ಒಂದು ಮೂಲೆಗೆ ತಾಡಪತ್ರಿ ಬಿಗಿದು, ಅದರಡಿ ಒಲೆ ಹೂಡಿ, ಒಬ್ಬ ತಾಯಿ ರೊಟ್ಟಿ ಬಡಿಯುತ್ತಿದ್ದರು. ಸರ್ಕಾರದ ಯೋಜನೆಯಲ್ಲಿ ಮನೆ ಮಂಜೂರಾಗಿದ್ದು ಅವರ ಹೆಸರಿಗೇ. "ಎಷ್ಟು ದಿನ ಆತವ್ವಾ ಹಿಂಗ?" ಅಂತ ಕೇಳಿದೆ.

"ಎರಡ ಮಳಿಗಾಲ ಮುಗದ್ವು ನೋಡ್ರಿ. ರೊಕ್ಕ ಎಲ್ಲಾ ಪಾಯದಾಗ ಕುಂತೈತಿ" ಅಂದರು.

ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ನರಗುಂದ, ನವಲಗುಂದ, ರೋಣದ ಕಡೆಯವರಿಗೆ ಎರೆ, ಅಂದರೆ ಕಪ್ಪು ಮಣ್ಣಿನ ಗುಣ ನಾನು ಹೇಳಬೇಕಾಗಿಲ್ಲ. ಕಡಲೆಗೆ, ಬಿಳಿಜೋಳಕ್ಕೆ, ಹತ್ತಿಗೆ ಅದು ಬಂಗಾರದಂಥ ಭೂಮಿ. ಮನೆ ಕಟ್ಟುವವರಿಗೆ ಮಾತ್ರ ಕಷ್ಟದ ಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ. ಬಿಸಿಲು ಬಿದ್ದರೆ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಪಾಯ ಮೇಲುಮೇಲೆ ಹಾಕಿದರೆ ನೆಲದ ಜೊತೆ ಗೋಡೆಯೂ ಏರಿಳಿದು ಸೀಳುತ್ತದೆ. ಅದಕ್ಕೇ ನಮ್ಮ ಗೌಂಡಿಗಳು ಆಳಕ್ಕೆ ತೋಡಿಸುತ್ತಾರೆ. ಗಟ್ಟಿ ನೆಲ ಸಿಗದಿದ್ದರೆ ಎರೆ ತೆಗೆದು ಗರಸು ತುಂಬಿಸುತ್ತಾರೆ. ಹಾನಗಲ್ ಕಡೆಯ ಕೆಂಪು ನೆಲದಲ್ಲಿ ಮೊಣಕಾಲುದ್ದ ತೋಡಿ ಮುಗಿಸುವ ಕೆಲಸ ಇಲ್ಲಿ ಎದೆಮಟ್ಟಕ್ಕೆ ಇಳಿಯುತ್ತದೆ. ಅಷ್ಟೂ ಕಲ್ಲು, ಅಷ್ಟೂ ಉಸುಕು, ಅಷ್ಟೂ ಸಿಮೆಂಟ್ ಮಣ್ಣಿನೊಳಗೆ ಹೋಗುತ್ತದೆ. ಮೇಲೆ ನಿಂತು ನೋಡಿದವರಿಗೆ ಏನೂ ಕಾಣುವುದಿಲ್ಲ.

ಈಗ ಸರ್ಕಾರದ ದುಡ್ಡಿನ ಲೆಕ್ಕ ನೋಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ನಮ್ಮಂಥ ಬಯಲುಸೀಮೆಗೆ ಒಂದು ಮನೆಗೆ ಗೊತ್ತುಮಾಡಿದ್ದು 1.20 ಲಕ್ಷ ರೂಪಾಯಿ. ಅದರಲ್ಲಿ ಕೇಂದ್ರದ್ದು 72 ಸಾವಿರ, ರಾಜ್ಯದ್ದು 48 ಸಾವಿರ. ಆಗಿನಿಂದ ಸಿಮೆಂಟ್ ಏರಿತು, ಕಬ್ಬಿಣದ ಸಳಿ ಏರಿತು, ಗೌಂಡಿ ಪಗಾರ ಏರಿತು. ಈ 1.20 ಲಕ್ಷ ಮಾತ್ರ ಕೂತಲ್ಲೇ ಕೂತಿದೆ. ಅದೂ ಒಮ್ಮೆಗೇ ಕೈಗೆ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ, ಆಮೇಲೆ ಪೂರ್ತಿ ಮನೆ, ಹೀಗೆ ಹಂತಹಂತವಾಗಿ ಫೋಟೋ ತೆಗೆದು ಮೇಲೆ ಕಳಿಸಿದ ಮೇಲೆ ಕಂತು ಬರುತ್ತದೆ. ನಾಲ್ಕು ಪಾಲು ಮಾಡಿದರೆ ಒಂದು ಪಾಲಿಗೆ 30 ಸಾವಿರ. ಎದೆಮಟ್ಟದ ಪಾಯಕ್ಕೂ ಅಷ್ಟೇ, ಮೊಣಕಾಲುದ್ದದ ಪಾಯಕ್ಕೂ ಅಷ್ಟೇ. ಅಂದರೆ ಮೊದಲ ಕಂತು ಬರುವ ಮುಂಚೆಯೇ ಆ ತಾಯಿ ಸಾಲ ಮಾಡಿ ಆಗಿರುತ್ತದೆ. ಎರಡನೇ ಕಂತು ಆ ಸಾಲಕ್ಕೆ ಹೋಗುತ್ತದೆ. ಸ್ಲ್ಯಾಬಿಗೆ ಏನು ಉಳಿಯುತ್ತದೆ ಹೇಳಿ?

ಇದೇ ಯೋಜನೆಯಲ್ಲಿ ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಇದೆ. ನೆಲ ನೋಡಿ ದುಡ್ಡು ಕೊಡಬೇಕು ಅನ್ನುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯ ಅಲ್ಲ, ಅಲ್ವಾ? ಗುಡ್ಡಕ್ಕೆ ಕೊಟ್ಟ ಬೆಲೆಯನ್ನು ಎರೆಗೂ ಕೊಡಿ ಅಂತ ನಾವು ಯಾವತ್ತೂ ಗಟ್ಟಿಯಾಗಿ ಕೇಳಿಲ್ಲ.

ಇನ್ನೊಂದು ಮಾತಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ಊರೂರೇ ನೀರಲ್ಲಿ ನಿಂತವು. ಆಗ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಅಂತ ತೀರ್ಮಾನ ಮಾಡಿತು. ಒಳ್ಳೆಯ ತೀರ್ಮಾನ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಒಂದೇ ಊರಿನ ಎರಡು ಓಣಿ ಕಣ್ಮುಂದೆ ತಂದುಕೊಳ್ಳಿ. ಹೊಳೆ ಕಡೆಯ ಓಣಿಯಲ್ಲಿ ಮನೆ ಕಟ್ಟಲು 5 ಲಕ್ಷ. ಮೇಲಿನ ಓಣಿಯಲ್ಲಿ 1.20 ಲಕ್ಷ. ಅದೇ ಎರೆ, ಅದೇ ಗೌಂಡಿ, ಅದೇ ಅಂಗಡಿಯ ಸಿಮೆಂಟ್. ಒಂದು ಸಣ್ಣ ಮನೆಗೆ ಎಷ್ಟು ಬೇಕು ಅನ್ನುವುದನ್ನು ಸರ್ಕಾರವೇ ತನ್ನ ಕೈಯಾರೆ ಬರೆದು ಕೊಟ್ಟ ಹಾಗಾಯಿತು. ನಮ್ಮ ಅರ್ಜಿಯ ಮೊದಲ ಸಾಲು ಇದೇ ಆಗಬೇಕು ಅನ್ನುತ್ತೇನೆ ನಾನು.

ರಾಜ್ಯದ ಕೈಯಲ್ಲಿ ಏನಿದೆ, ಎಲ್ಲಾ ದಿಲ್ಲಿಯಿಂದ ಬರಬೇಕು ಅನ್ನುವವರಿದ್ದಾರೆ. ಹಾಗಲ್ಲ. ಕೇರಳದಲ್ಲಿ ಮನೆ ಇಲ್ಲದವರಿಗೆ ಲೈಫ್ ಮಿಷನ್ ಅಂತ ರಾಜ್ಯದ್ದೇ ಯೋಜನೆ ಇದೆ. ಅಲ್ಲಿ ಸಾಮಾನ್ಯವಾಗಿ ಒಂದು ಮನೆಗೆ 4 ಲಕ್ಷ. ಕೇಂದ್ರದ ಪಾಲು ಸಾಕಾಗದ ಕಡೆ ರಾಜ್ಯವೇ ತುಂಬುತ್ತದೆ, ಮನೆ ಕಟ್ಟಲು ಸಾಲ ಕೊಡುವ ಕೇಂದ್ರದ ಸಂಸ್ಥೆ ಹುಡ್ಕೋದಿಂದ (HUDCO) ಸಾಲ ಎತ್ತಿಯೂ ತುಂಬುತ್ತದೆ. ತಮಿಳುನಾಡು 2024ರಲ್ಲಿ ಗುಡಿಸಲು ಮನೆಗಳನ್ನು ಬದಲಿಸುವ ತನ್ನದೇ ಯೋಜನೆ ತಂದಿತು. ಮನೆಗೆ 3.50 ಲಕ್ಷ.

ದೂರದ ಮಾತು ಬಿಡಿ, ನಮ್ಮಲ್ಲೇ ನೋಡಿ. ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳು ಎಷ್ಟೋ ಕಡೆ ಅರ್ಧಕ್ಕೆ ನಿಂತಿದ್ದವು. ಕೂಲಿ ಮಾಡುವವರು ತಮ್ಮ ಪಾಲಿನ ನಾಲ್ಕೈದು ಲಕ್ಷ ಎಲ್ಲಿಂದ ತರಬೇಕು? ಬ್ಯಾಂಕಿನವರು ಸಾಲ ಕೊಡಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸಚಿವ ಸಂಪುಟ ಒಂದು ನಿರ್ಧಾರ ತೆಗೆದುಕೊಂಡಿತು. ಫಲಾನುಭವಿ 1 ಲಕ್ಷ ಕಟ್ಟಿದರೆ ಸಾಕು, ಅವರ ಪಾಲಿನ ಉಳಿದದ್ದನ್ನು ಸರ್ಕಾರವೇ ಭರಿಸುತ್ತದೆ ಅಂತ. ಪಟ್ಟಣದ ಅರ್ಧ ಮನೆಗೆ ಆಗಿದ್ದು ಹಳ್ಳಿಯ ಅರ್ಧ ಮನೆಗೆ ಯಾಕೆ ಆಗಬಾರದು?

ಜಾಗದ ಕಾಗದವೇ ಇಲ್ಲದವರು, ತಾಂಡಾಗಳಲ್ಲಿ ಹಕ್ಕುಪತ್ರಕ್ಕೆ ಕಾಯುತ್ತಿರುವವರು, ಅವರ ಕಷ್ಟವೇ ಬೇರೆ. ಉತಾರ, ಅಂದರೆ ಜಾಗದ ದಾಖಲೆ, ಇಲ್ಲದೆ ಅರ್ಜಿಯೇ ಹೋಗುವುದಿಲ್ಲ. ಅದಕ್ಕೆ ಇನ್ನೊಂದು ದಿನದ ಮಾತೇ ಬೇಕು.

ಆದರೆ ನಮ್ಮ ಬೆಟಗೇರಿಯ ಮಾತು ಹೇಳದೆ ಮುಂದೆ ಹೋಗಲಾರೆ. ನಾನು ನೇಕಾರರ ಮನೆಯವನು. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ನಾನು ಸಣ್ಣವನಿದ್ದಾಗ ನಾವಿದ್ದದ್ದು ಬಾಡಿಗೆ ಮನೆ. ಒಮ್ಮೆ ಮನೆ ಬಿಡಬೇಕಾಗಿ ಬಂತು. ಮಗ್ಗ ಬಿಚ್ಚಿ ಆದ ಮೇಲೆ ಅಪ್ಪ ಆ ಕುಣಿಗೆ ಮಣ್ಣು ತುಂಬಿ, ತುಳಿದು, ಸಾರಿಸಿ ಮನೆಯವರಿಗೆ ಒಪ್ಪಿಸಿದರು. ಹೊಸ ಮನೆಯಲ್ಲಿ ಕುಣಿ ತೋಡಲು ಮಾಲೀಕರು ಬಿಡಲಿಲ್ಲ. ನಾಲ್ಕು ತಿಂಗಳು ಅಪ್ಪ ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂತರು.

ಈಗ ಪಟ್ಟಣಗಳಲ್ಲಿ ಬಡವರಿಗೆ ಅಂತ ಕಟ್ಟುವ ಮನೆ ಸುಮಾರು 30 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 320 ಚದರ ಅಡಿಯ ಆಸುಪಾಸು. ಅದೂ ಒಂದರ ಮೇಲೊಂದು ಅಂತಸ್ತು. ಮೂರನೇ ಅಂತಸ್ತಿನಲ್ಲಿ ಕುಣಿ ಎಲ್ಲಿ ತೋಡಬೇಕು? ಹಪ್ಪಳ ಎಲ್ಲಿ ಒಣಹಾಕಬೇಕು? ನಮ್ಮ ಊರುಗಳಲ್ಲಿ ಮನೆ ಅಂದರೆ ದುಡಿಯುವ ಜಾಗವೂ ಹೌದು. ನೇಕಾರರಿಗೆ ನೆಲಮಟ್ಟದ ಮನೆ, ಮಗ್ಗಕ್ಕೊಂದು ಕೋಣೆ ಬೇಕು. ಆ ಕೋಣೆಗೆ ಬೇರೆ ದುಡ್ಡು ಬೇಕು. ಇದನ್ನು ನಕ್ಷೆ ಬರೆಯುವ ಮುಂಚೆ ಕೇಳಬೇಕು. ಕಟ್ಟಿ ಕೀಲಿಕೈ ಕೊಟ್ಟ ಮೇಲೆ ಕೇಳಿದರೆ ಏನೂ ಆಗುವುದಿಲ್ಲ.

ಸರಿ, ಎಲ್ಲಿ ಕೇಳಬೇಕು, ಯಾವಾಗ ಕೇಳಬೇಕು?

ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಬಂದ ಮೇಲೆ ನಾವು ಸುಮ್ನೆ ಬೇಜಾರು ಮಾಡಿಕೊಳ್ಳುತ್ತೇವೆ. ಇಲಾಖೆಗಳು ತಮಗೆಷ್ಟು ಬೇಕು ಅಂತ ಬರೆದು ಕಳಿಸುವ ಕೆಲಸ ಅದಕ್ಕಿಂತ ಬಹಳ ಮೊದಲೇ ಶುರುವಾಗಿರುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಚಳಿಗಾಲದಲ್ಲಿ, ಅಧಿವೇಶನ ನಮ್ಮ ಬೆಳಗಾವಿಗೇ ಬರುತ್ತದೆ. ಸುವರ್ಣ ವಿಧಾನಸೌಧ 2012ರಲ್ಲಿ ಆಯಿತು. ಹುಬ್ಬಳ್ಳಿಯಿಂದ ನೂರು ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲ. ಕಬ್ಬು ಬೆಳೆಗಾರರು ಬರುತ್ತಾರೆ, ಶಿಕ್ಷಕರು ಬರುತ್ತಾರೆ, ಅಂಗನವಾಡಿಯ ಅಕ್ಕಂದಿರು ಬರುತ್ತಾರೆ. ಮನೆ ಅರ್ಧಕ್ಕೆ ನಿಂತವರೆಲ್ಲ ಒಂದಾಗಿ ಬಂದದ್ದನ್ನು ನಾನು ಕಂಡಿಲ್ಲ.

ಬರಿಗೈಯಲ್ಲಿ ಹೋಗಬಾರದು. ಮೊದಲು ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸಿ. ಫಲಾನುಭವಿಗಳ ಆಯ್ಕೆ ನಡೆಯುವ ಜಾಗದಲ್ಲೇ ಅರ್ಧಕ್ಕೆ ನಿಂತ ಮನೆಗಳ ಪಟ್ಟಿಯೂ ಆಗಲಿ. ಜೊತೆಗೆ ಊರಿನ ಗೌಂಡಿಯನ್ನು ಕೂರಿಸಿಕೊಂಡು ಒಂದು ಮನೆಯ ಪೂರ್ತಿ ಲೆಕ್ಕ ಬರೆಯಿರಿ. ಆ ಲೆಕ್ಕವನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಗೆ ಹಿಡಿದು ನೋಡಿ. ಸರ್ಕಾರ ತನ್ನ ಕಟ್ಟಡ ಕಟ್ಟುವಾಗ ಯಾವ ದರ ಒಪ್ಪುತ್ತದೋ ಅದೇ ದರದಲ್ಲಿ ಬಡವರ ಮನೆಗೆ ಎಷ್ಟಾಗುತ್ತದೆ ಅಂತ ಕಾಗದದ ಮೇಲೆ ಇದ್ದರೆ, ಯಾರೂ ಅದನ್ನು ಸುಲಭಕ್ಕೆ ತಳ್ಳಿಹಾಕಲಾರರು. ಅದನ್ನು ನಿಮ್ಮ ಶಾಸಕರ ಕೈಗೆ ಅಧಿವೇಶನಕ್ಕೆ ಮುಂಚೆಯೇ ಕೊಡಿ. ಸದನದಲ್ಲಿ ಪ್ರಶ್ನೆ ಕೇಳಲಿ. ಉತ್ತರ ಲಿಖಿತವಾಗಿ ಬರಲಿ.

ನಾವು ಒಂದಷ್ಟು ಜನ ಸೇರಿ ಆ ತಾಯಿಯ ಮನೆಯ ಲೆಕ್ಕವನ್ನೇ ಮೊದಲು ಬರೆದೆವು. ಪಾಯದ ಆಳ, ಗರಸು ಎಷ್ಟು ಟ್ರ್ಯಾಕ್ಟರ್, ಕಲ್ಲು ಎಷ್ಟು, ಸ್ಲ್ಯಾಬಿಗೆ ಇನ್ನೂ ಬೇಕಾದ ಸಳಿ, ಜಲ್ಲಿ, ಸಿಮೆಂಟ್. ಕೆಳಗೆ ಅವರೇ ಸಹಿ ಮಾಡಿದರು.

"ಇದನ್ನ ಓದೂದು ಯಾರ್ರಿ?" ಅಂತ ಕೇಳಿದರು.

ಡಿಸೆಂಬರ್‌ಗೆ ಬೆಳಗಾವಿಗೆ ಬನ್ನಿ ಅವ್ವಾ, ಓದುವವರ ಎದುರಿಗೇ ನಿಲ್ಲೋಣ ಅಂದೆ.

"ಬರ್ತೇನಿ. ಎಲ್ಲಾರಿಗೂ ಆಗೂವಷ್ಟ ರೊಟ್ಟಿ ಬುತ್ತಿ ಕಟಗೊಂಡ ಬರ್ತೇನಿ" ಅಂದರು.

ನಮಸ್ಕಾರ.