ಎಡಗಡೆಯ ಬಾದಾಮಿ

ಕೇಳುಗರಿಗೆ ನಮಸ್ಕಾರ.

ಮದುವೆಯಾಗಿ ವರ್ಷ ಕಳೆದ ಹೆಣ್ಣುಮಗಳನ್ನು ನಮ್ಮ ಕಡೆ ಯಾರೂ "ಬಸುರಿಯಾ?" ಎಂದು ನೇರವಾಗಿ ಕೇಳುವುದಿಲ್ಲ. "ಏನಮ್ಮಾ, ಏನಾದ್ರೂ ವಿಶೇಷ?" ಅನ್ನುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಟಿಫನ್ ಡಬ್ಬಿ ಬಿಚ್ಚುವಾಗ ಕೇಳುತ್ತಾರೆ. ನಾಲ್ಕು ವರ್ಷ ನಾನು ನಕ್ಕು ತಲೆಯಾಡಿಸಿದ್ದೇ ಆಯಿತು. ಹೋದ ವರ್ಷ ಆಷಾಢದಲ್ಲಿ ನನ್ನ ಹೊಟ್ಟೆಯಲ್ಲೂ ಒಂದು ವಿಶೇಷ ಸಿಕ್ಕಿತು. ಎಡ ಅಂಡಾಶಯದಲ್ಲಿ 6 ಸೆಂಟಿಮೀಟರಿನ ಒಂದು ಗುಳ್ಳೆ.

ತಿಪಟೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಡಂ. ಹತ್ತನೇ ತರಗತಿಗೆ ಸಂತಾನೋತ್ಪತ್ತಿಯ ಪಾಠ ನಾನೇ ಮಾಡುವುದು. ಬೋರ್ಡಿನ ಮೇಲೆ ಅಂಡಾಶಯವನ್ನು ಒಳ್ಳೆ ನಿಂಬೆಹಣ್ಣಿನಷ್ಟು ಬರೆಯುತ್ತಿದ್ದೆ, ಹಿಂದಿನ ಬೆಂಚಿಗೂ ಕಾಣಲಿ ಅಂತ. ನಿಜಕ್ಕೂ ಅದು ಸಿಪ್ಪೆ ಸಮೇತ ಇರುವ ಒಂದು ಬಾದಾಮಿಯಷ್ಟು, ಉದ್ದ ಸುಮಾರು 3 ಸೆಂಟಿಮೀಟರ್. ಅದರೊಳಗೆ ಅದರ ಎರಡರಷ್ಟು ಅಗಲದ ಗುಳ್ಳೆ ಕೂತಿದೆ ಎಂದರೆ ಬಾದಾಮಿಯ ಗತಿ ಏನಾಗಿರಬೇಡ! ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ಬಿಗಿಹಿಡಿದು, "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ" ಎಂಬ ಬೋರ್ಡನ್ನೇ ನೋಡುತ್ತ ಕೂತಿದ್ದೆ. ನನ್ನ ಎಡಕ್ಕೂ ಬಲಕ್ಕೂ ಇದ್ದವರೆಲ್ಲ ಬಸುರಿಯರು. ಒಬ್ಬಳು "ನಿಮ್ಗೆ ಎಷ್ಟ್ ತಿಂಗಳು ಅಕ್ಕಾ?" ಎಂದಳು. ಅವಳ ತಪ್ಪೇನೂ ಇಲ್ಲ ಬಿಡಿ.

ಮನೆಯಲ್ಲಿ ಇದಕ್ಕೆ ಆದ ಹೆಸರು "ಗಡ್ಡೆ". ಗಡ್ಡೆ ಅಂದ ಕೂಡಲೇ ಎಲ್ಲರಿಗೂ ಕ್ಯಾನ್ಸರ್ ನೆನಪಾಯಿತು. ಅತ್ತೆ ಅವತ್ತು ಊಟ ಬಿಟ್ಟರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪ್ರತಿ ತಿಂಗಳೂ ಅಂಡಾಶಯದಲ್ಲಿ ಒಂದು ಪುಟ್ಟ ನೀರಿನ ಚೀಲ ಬೆಳೆಯುತ್ತದೆ. ಅದು ಸುಮಾರು 2 ಸೆಂಟಿಮೀಟರ್ ಆದಾಗ ಒಡೆದು ಅಂಡ ಹೊರಗೆ ಬೀಳುತ್ತದೆ. ಕೆಲವು ತಿಂಗಳು ಅದು ಒಡೆಯದೆ ಹಾಗೇ ಊದಿಕೊಳ್ಳುತ್ತದೆ. ಇಂಥವು ಎರಡು ಮೂರು ಮುಟ್ಟಿನೊಳಗೆ ಹೆಚ್ಚಾಗಿ ತಾವಾಗೇ ಇಂಗಿಹೋಗುತ್ತವೆ, ಕತ್ತರಿಯೂ ಬೇಡ, ಮಾತ್ರೆಯೂ ಬೇಡ. ಅದಕ್ಕೇ ನಮ್ಮ ಡಾಕ್ಟರಮ್ಮ ಮೊದಲ ಸ್ಕ್ಯಾನಿನ ಮೇಲೆ ಏನೂ ತೀರ್ಮಾನ ಮಾಡದೆ "ಎರಡು ತಿಂಗಳು ಬಿಟ್ಟು ಬಾಮ್ಮ" ಅಂದರು. ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಅನ್ನುವುದು ಇದಲ್ಲ, ಹೆಸರಿನಲ್ಲಿ ಸಿಸ್ಟ್ (ಗುಳ್ಳೆ) ಇದೆ ಅಷ್ಟೆ. ಅಲ್ಲಿ ಇರುವುದು ಬೆಳೆಯದೆ ನಿಂತ ಸಣ್ಣ ಸಣ್ಣ ಅಂಡದ ಚೀಲಗಳು, ಅವನ್ನು ಕೊಯ್ದು ತೆಗೆಯುವ ಮಾತೇ ಇಲ್ಲ.

ಎರಡು ತಿಂಗಳ ಮೇಲೂ ನನ್ನದು 6 ಸೆಂಟಿಮೀಟರಾಗಿಯೇ ಕೂತಿತ್ತು. ಚಾಕೊಲೇಟ್ ಸಿಸ್ಟ್ ಎಂದರು. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದಲ್ಲೋ ಕರುಳಿನ ಮೇಲೋ ಬೆಳೆದು, ತಿಂಗಳು ತಿಂಗಳೂ ಅಲ್ಲೇ ರಕ್ತ ಸುರಿಸುವ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇದು ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಹೋಗಲು ದಾರಿಯಿಲ್ಲದ ಆ ರಕ್ತ ಹಳತಾಗಿ, ಕಪ್ಪಾಗಿ, ಮಂದವಾಗುತ್ತದೆ. ಚಾಕೊಲೇಟ್ ಅಂತ ಇಂಗ್ಲಿಷಿನವರು ಹೆಸರಿಟ್ಟರು. ನನ್ನನ್ನು ಕೇಳಿದ್ದರೆ ಕಾಕಂಬಿ ಅನ್ನುತ್ತಿದ್ದೆ. ಆಲೆಮನೆ ಕಂಡವರಿಗೆ ಗೊತ್ತು, ಬಣ್ಣವೂ ಅದೇ, ಹದವೂ ಅದೇ.

ಹದಿನೈದು ವರ್ಷದಿಂದ ಮುಟ್ಟಿನ ಮೊದಲ ಎರಡು ದಿನ ನಾನು ಟೇಬಲ್ಲಿಗೆ ಆನಿಕೊಂಡೇ ಪಾಠ ಕೇಳಿದವಳು, ಆಮೇಲೆ ಹಾಗೇ ಆನಿಕೊಂಡು ಪಾಠ ಮಾಡಿದವಳು. "ಮಗು ಆದ್ರೆ ಎಲ್ಲ ಸರಿಹೋಗುತ್ತೆ" ಎಂದು ನಮ್ಮಮ್ಮ, ಅವರಮ್ಮ, ಎದುರುಮನೆ ಅಜ್ಜಿ ಎಲ್ಲರೂ ಅಂದಿದ್ದರು. ಆ ನೋವಿನ ಮೂಲವೇ ಮಗುವಿಗೆ ಅಡ್ಡ ಕೂತಿರಬಹುದು ಎಂದು ಯಾರಿಗೆ ಹೊಳೆದೀತು?

ಇನ್ನು ಆಪರೇಷನ್ನಿನ ಮಾತು. ಮೂರು ಕಡೆ ತೋರಿಸಿದೆವು, ಮೂರು ಉತ್ತರ ಬಂತು. ಒಬ್ಬರು "ತೆಗೆಸದೇ ಬಸಿರು ಕಷ್ಟ" ಅಂದರು. ಇನ್ನೊಬ್ಬರು "ತೆಗೆಸಬೇಡಿ, ನೇರ ಐವಿಎಫ್‌ಗೆ ಹೋಗಿ" ಅಂದರು, ಅಂದರೆ ಅಂಡ, ವೀರ್ಯಾಣು ಎರಡನ್ನೂ ಮೈಯಿಂದ ಹೊರಗೆ ಕೂಡಿಸುವ ಚಿಕಿತ್ಸೆಗೆ. ಮೂರನೆಯವರು ರಿಪೋರ್ಟಿನಿಂದ ತಲೆಯೆತ್ತದೆ, "ಆ ಓವರಿಯನ್ನೇ ತೆಗೆದುಬಿಡೋಣ, ಇನ್ನೊಂದು ಇದೆಯಲ್ಲ" ಅಂದರು. ಪಾತ್ರೆ ಅಂಗಡಿಯಲ್ಲಿ ತೂತಾದ ಚೊಂಬನ್ನು ಪಕ್ಕಕ್ಕಿಡುವ ಹಾಗೆ. ಒಂದೇ ಅಂಡಾಶಯವಿದ್ದೂ ಬಸಿರಾಗುತ್ತಾರೆ, ಆ ಮಾತು ಸುಳ್ಳಲ್ಲ. ಆದರೆ ಈ ಕಾಯಿಲೆ ಮರುಕಳಿಸುವಂಥದ್ದು. ನಾಳೆ ಬಲಗಡೆಗೂ ಬಂದರೆ?

ಕೊನೆಗೆ ಮೊದಲಿನ ಡಾಕ್ಟರಮ್ಮನ ಮುಂದೆಯೇ ಹೋಗಿ ಕೂತು, ಒಂದು ಹಾಳೆಯಲ್ಲಿ ಬರೆದುಕೊಂಡಿದ್ದ ಪ್ರಶ್ನೆ ಕೇಳಿದೆ. ತೆಗೆಯುವುದು ಗುಳ್ಳೆಯನ್ನೋ, ಅಂಡಾಶಯವನ್ನೋ? ತೆಗೆದ ಮೇಲೆ ನನ್ನ ಅಂಡಗಳಲ್ಲಿ ಎಷ್ಟು ಉಳಿದಾವು?

ಎರಡನೆಯ ಪ್ರಶ್ನೆಗೆ ಅವರು ಡ್ರಾಯರಿನಿಂದ ಒಂದು ಬಾದಾಮಿ ತೆಗೆದರು. ನಿಜವಾದ ಬಾದಾಮಿ, ಅವರ ಸಂಜೆಯ ತಿಂಡಿ! "ನೆನೆಸಿದ ಬಾದಾಮಿ ಆದ್ರೆ ಚಿವುಟಿದ್ರೆ ಸಿಪ್ಪೆ ಜಾರಿ ಬರುತ್ತೆ. ಬೇರೆ ಗುಳ್ಳೆಗಳು ಬಹಳ ಸಲ ಹಾಗೆ ಬರ್ತಾವೆ. ನಿನ್ನದು ಹಾಗಲ್ಲ. ಇದು ಒಣ ಬಾದಾಮಿ. ಸಿಪ್ಪೆ ಕೀಳೋಕೆ ಹೋದ್ರೆ ತಿರುಳೂ ಒಂಚೂರು ಕಿತ್ಕೊಂಡು ಬರುತ್ತೆ. ಆ ತಿರುಳಲ್ಲೇ ನಿನ್ನ ಅಂಡ ಇರೋದು." ಅಂಡಗಳು ಹುಟ್ಟುವಾಗಲೇ ಬಂದ ಗಂಟು, ಹೊಸದಾಗಿ ಬೆಳೆಯುವುದಿಲ್ಲ ಎಂದು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷ. ಆದರೂ ಆ ಬಾದಾಮಿ ಕಂಡಾಗ ಗಂಟಲು ಒಣಗಿತು.

ಅದಕ್ಕೇ ಆಪರೇಷನ್ನಿಗೆ ಮೊದಲು ಎಎಂಎಚ್ ಎಂಬ ರಕ್ತಪರೀಕ್ಷೆ ಮಾಡಿಸಿದರು. ಅಂಡಾಶಯದ ಸಣ್ಣ ಚೀಲಗಳಿಂದ ಒಸರುವ ಹಾರ್ಮೋನು ಅದು, ಗಂಟಿನಲ್ಲಿ ಇನ್ನೆಷ್ಟಿದೆ ಎನ್ನುವುದರ ಅಂದಾಜು ಕೊಡುತ್ತದೆ. ಬಸಿರಾಗುತ್ತೀರೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ನನಗೆ 31 ವರ್ಷ, ಎಎಂಎಚ್ 2.4. ಇನ್ನೊಂದು ಸಿಎ-125, ಅಂಡಾಶಯದ ಕ್ಯಾನ್ಸರಿನ ಅನುಮಾನವಿದ್ದಾಗ ನೋಡುವ ರಕ್ತಪರೀಕ್ಷೆ. ಅದು 35ರ ಒಳಗಿರಬೇಕು, ನನಗೆ ಮೂರಂಕಿ ಬಂತು. ಲ್ಯಾಬಿನ ಕಾಗದದಲ್ಲಿ ದಪ್ಪಕ್ಷರದ ಸಂಖ್ಯೆ ಕಂಡು ನಮ್ಮ ಮನೆಯವರು ಬೈಕ್ ಪಕ್ಕಕ್ಕೆ ಹಾಕಿ ಮೊಬೈಲಿನಲ್ಲಿ ಹುಡುಕಲು ಕೂತರು. ಎಂಡೊಮೆಟ್ರಿಯೋಸಿಸ್ಸಿನಲ್ಲೂ ಅದು ಏರುತ್ತದೆ, ಮುಟ್ಟಿನ ದಿನಗಳಲ್ಲೂ ಏರುತ್ತದೆ. ಅರ್ಧ ರಸ್ತೆಯಲ್ಲಿ ರಿಪೋರ್ಟ್ ಓದಬಾರದು ಅಂತ ಅವತ್ತೇ ನಮ್ಮ ಮನೆಯಲ್ಲಿ ಕಾನೂನು ಆಯಿತು.

ಗುಳ್ಳೆಯನ್ನು ತೆಗೆದರೆ ಐವಿಎಫ್ ಹೆಚ್ಚು ಫಲಿಸುತ್ತದೆ ಎನ್ನುವ ಒಂದೇ ಕಾರಣಕ್ಕೆ ಕೊಯ್ಯಬಾರದು ಎಂದು ಡಾಕ್ಟರಮ್ಮ ಹೇಳಿದರು. "ನಿನಗೆ ನೋವಿದೆ, ಒಂದೇ ಕಡೆ ಇದೆ, ವಯಸ್ಸಿದೆ, ಗಂಟೂ ಸಾಕಷ್ಟಿದೆ. ಆದ್ದರಿಂದ ಮಾಡಬಹುದು ಅಂತ ನನ್ನ ಅಭಿಪ್ರಾಯ. ಎರಡೂ ಕಡೆ ಇದ್ದಿದ್ರೆ, ನಿನಗೆ 38 ಆಗಿದ್ದಿದ್ರೆ ಬೇರೆ ಮಾತು ಹೇಳ್ತಿದ್ದೆ." ನನಗೆ ಬೇಕಿದ್ದದ್ದು ಇಂಥ ಮಾತು. ಪಕ್ಕದ ಮನೆಯವಳಿಗೆ ಆಗಿಬಂದದ್ದು ನನಗೂ ಆಗಿಬರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಡ್ಮಿಟ್ ಆದ ದಿನ ಒಪ್ಪಿಗೆ ಪತ್ರ ಬಂತು, ಇಂಗ್ಲಿಷಿನಲ್ಲಿ. ಗುಮಾಸ್ತ ಅದನ್ನು ನನ್ನನ್ನು ದಾಟಿಸಿ ನಮ್ಮ ಮನೆಯವರ ಕಡೆ ಚಾಚಿದ. ಅವರು ಜೇಬಿನಿಂದ ಪೆನ್ನು ತೆಗೆದೇಬಿಟ್ಟಿದ್ದರು. "ರೀ, ಹೊಟ್ಟೆ ನಂದು" ಅಂದೆ. ಕೇಳುಗರೆ, ಇದು ಬರೀ ಹಟದ ಮಾತಲ್ಲ. ದೆಹಲಿಯಲ್ಲಿ ಒಬ್ಬ ಹೆಂಗಸು ದುರ್ಬೀನು ಹಾಕಿ ಪರೀಕ್ಷೆ ಮಾಡಲು ಒಪ್ಪಿ ಮಲಗಿದ್ದರು. ಪ್ರಜ್ಞೆಯಿಲ್ಲದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. 2008ರಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು: ಜೀವ ಉಳಿಸುವ ತುರ್ತು ಇದ್ದರೆ ಸರಿ, ಇಲ್ಲದಿದ್ದರೆ ವಯಸ್ಕ ರೋಗಿಯ ಒಪ್ಪಿಗೆ ರೋಗಿಯದ್ದೇ ಆಗಬೇಕು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗದು. ನಾನು ಸಹಿಯ ಮೇಲೆ ಕನ್ನಡದಲ್ಲೇ ಬರೆದೆ: "ಗುಳ್ಳೆ ಮಾತ್ರ ತೆಗೆಯಿರಿ. ಪ್ರಾಣಕ್ಕೆ ಅಪಾಯವಿಲ್ಲದೆ ಅಂಡಾಶಯ ತೆಗೆಯಬಾರದು." ಗುಮಾಸ್ತನಿಗೆ ಸಿಟ್ಟು ಬಂತು. ಡಾಕ್ಟರಮ್ಮ ಓದಿ, ಕೆಳಗೆ ತಾವೂ ಸಹಿ ಹಾಕಿದರು.

ಪಕ್ಕದ ಹಾಸಿಗೆಯಲ್ಲಿ 19 ವರ್ಷದ ಹುಡುಗಿ. ಹಿಂದಿನ ರಾತ್ರಿ ಹೊಟ್ಟೆನೋವು, ವಾಂತಿ ಎಂದು ಹೊತ್ತುಕೊಂಡು ಬಂದಿದ್ದರು. ಗುಳ್ಳೆಯ ಭಾರಕ್ಕೆ ಅಂಡಾಶಯ ತೊಟ್ಟಿನಲ್ಲೇ ತಿರುಚಿಕೊಂಡು ರಕ್ತ ನಿಂತುಹೋಗಿತ್ತು. ಅವಳದು ಡರ್ಮಾಯ್ಡ್ ಗುಳ್ಳೆ. ಒಳಗೆ ಜಿಡ್ಡು, ಕೂದಲು, ಒಂದು ಹಲ್ಲು. ಅದನ್ನು ಕೇಳಿ ಅವಳ ತಾಯಿ "ಯಾರೋ ಮಾಡ್ಸವ್ರೆ ಕಣಕ್ಕಾ" ಎಂದು ಎದೆ ಬಡಿದುಕೊಂಡರು. ಮಾಟವೂ ಇಲ್ಲ, ಮಂತ್ರವೂ ಇಲ್ಲ. ಅಂಡವಾಗಬೇಕಾದ ಕೋಶಕ್ಕೆ ಚರ್ಮ, ಕೂದಲು, ಹಲ್ಲು ಯಾವುದನ್ನಾದರೂ ಕಟ್ಟುವ ಶಕ್ತಿ ಇರುತ್ತದೆ, ಅದು ದಾರಿ ತಪ್ಪಿದಾಗ ಹೀಗಾಗುತ್ತದೆ. ಇದನ್ನು ಆ ತಾಯಿಗೆ ನಾನು ಮೂರು ಸಲ ಹೇಳಿದೆ, ಮೇಷ್ಟರ ಚಾಳಿ. ಅಂಡಾಶಯ ಕಪ್ಪಾಗಿ ಕಂಡರೂ ಡಾಕ್ಟರುಗಳು ತಿರುಚು ಬಿಡಿಸಿ ಉಳಿಸಿದ್ದರು. ಗುಳ್ಳೆ ಇದೆ ಎಂದು ಗೊತ್ತಿರುವವರಿಗೆ ಇದ್ದಕ್ಕಿದ್ದಂತೆ ಒಂದೇ ಪಕ್ಕ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಜೀರಿಗೆ ಕಷಾಯ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ದುಡ್ಡಿನ ಅಂಜಿಕೆಯವರಿಗೆ ಒಂದು ಮಾತು: ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶವಿದೆ.

ಬೆಳಿಗ್ಗೆ ಒಡವೆ ಬಿಚ್ಚಿಸಿದರು. ಕಾಲುಂಗುರ ಬರಲೊಲ್ಲದು. ಸಿಸ್ಟರ್ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದರು. ತಾಳಿ ತೆಗೆಯುವಾಗ ಅತ್ತೆ ಮುಖ ತಿರುಗಿಸಿ, ಸೆರಗಿನ ಗಂಟಿನಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದು ನನ್ನ ಕೊರಳಿಗೆ ಕಟ್ಟಿದರು. ಸಿಸ್ಟರ್ ಏನೂ ಅನ್ನದೆ ಅದರ ಮೇಲೆ ಒಂದು ಪ್ಲಾಸ್ಟರ್ ಅಂಟಿಸಿದರು.

ಮಲಗಿದಾಗ ನೆನಪಾದದ್ದು ಎಲ್ಲೋ ಓದಿದ್ದ ಒಂದು ಸಂಗತಿ. 1809ರ ಡಿಸೆಂಬರಿನಲ್ಲಿ, ಅಮೆರಿಕದ ಕೆಂಟಕಿಯಲ್ಲಿ, ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಅಂಡಾಶಯದ ಗಡ್ಡೆಯನ್ನು ಎಫ್ರೇಮ್ ಮ್ಯಾಕ್‌ಡವೆಲ್ ಎಂಬ ವೈದ್ಯ ತನ್ನ ಮನೆಯಲ್ಲೇ ಕೊಯ್ದು ತೆಗೆದ. ಅರಿವಳಿಕೆ ಅನ್ನುವುದು ಇನ್ನೂ ಬಂದಿರಲಿಲ್ಲ. ಗಡ್ಡೆಯ ತೂಕ ಸುಮಾರು 10 ಕಿಲೋ. ಅದಕ್ಕೆ ಮೊದಲು ಎಲ್ಲರೂ ಆಕೆಗೆ ಅವಳಿ ಬಸಿರು ಅಂದುಕೊಂಡಿದ್ದರಂತೆ. ಅಲ್ಲೂ "ಏನಾದ್ರೂ ವಿಶೇಷ?" ಕೇಳುವವರು ಇದ್ದರು ಅಂತಾಯಿತು. ಆಕೆ ಬದುಕಿ ಉಳಿದು, 78ರ ವಯಸ್ಸಿನವರೆಗೆ ಬಾಳಿದಳು. ಅಷ್ಟು ನೆನೆಯುವುದರೊಳಗೆ ನನಗೆ ಎಚ್ಚರ ತಪ್ಪಿತ್ತು.

ನನಗೆ ಹಾಕಿದ್ದು ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು. ಆದರೆ ಎಚ್ಚರವಾದಾಗ ನೋವು ಹೊಟ್ಟೆಯಲ್ಲಲ್ಲ, ಬಲಭುಜದಲ್ಲಿ! ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ. ಒಳಗೆ ನೋಡಲು ಜಾಗವಾಗಲಿ ಎಂದು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಉಳಿದ ಗಾಳಿ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ, ವಪೆಯ ನರ ಆ ನೋವನ್ನು ಭುಜದ ಲೆಕ್ಕಕ್ಕೆ ಬರೆಯುತ್ತದೆ. ಎರಡು ಮೂರು ದಿನ ಮೆಲ್ಲಗೆ ಓಡಾಡಿದರೆ ಹೋಗುತ್ತದೆ. ಇನ್ನೊಂದು ಗಾಬರಿ ಬಚ್ಚಲಿನಲ್ಲಿ ಕಾದಿತ್ತು. ಮೂತ್ರ, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ಹಾಗೆ. ಗರ್ಭನಾಳ ತೆರೆದಿದೆಯೇ ಎಂದು ನೋಡಲು ಅದೇ ಹೊತ್ತಿನಲ್ಲಿ ನೀಲಿ ದ್ರವ ಹರಿಸಿದ್ದರು. ಎರಡೂ ಕಡೆ ಹರಿದು ಬಂತಂತೆ.

ಗುಳ್ಳೆಯ ಗೋಡೆಯನ್ನು ಬಯಾಪ್ಸಿಗೆ ಕಳಿಸಿದರು. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ, ಅತ್ತೆ ಗುಡಿಗೆ ಹೋಗಿ ಬಂದರು. ಮೂರು ತಿಂಗಳಿಗೆ ಎಎಂಎಚ್ 2.4 ಇದ್ದದ್ದು 1.5ಕ್ಕೆ ಇಳಿದಿತ್ತು. ತಿರುಳು ಒಂಚೂರು ಹೋಗಿದೆ. ಅಳು ಬಂತು, ಅತ್ತುಬಿಟ್ಟೆ. ಆದರೆ ಹೀಗಾಗಬಹುದು ಎಂದು ಮೊದಲೇ ತಿಳಿದು ಒಪ್ಪಿದ್ದೆ, ಯಾರ ಮೇಲೂ ಸಿಟ್ಟು ಬರಲಿಲ್ಲ. ಮುಟ್ಟಿನ ಮೊದಲ ದಿನ ಈಗ ನೆಟ್ಟಗೆ ನಿಂತು ಪಾಠ ಮಾಡುತ್ತೇನೆ, ಅದೊಂದು ಬೇರೆಯೇ ಸುಖ. ಪ್ರಯತ್ನಕ್ಕೆ ತಡಮಾಡಬೇಡಿ, ಕಾಯಿಲೆ ಮತ್ತೆ ತಲೆಯೆತ್ತುವ ಮೊದಲು ಮಾಡಿ ಎಂದಿದ್ದಾರೆ ಡಾಕ್ಟರಮ್ಮ. ಮಾಡುತ್ತಿದ್ದೇವೆ. ವಿಶೇಷ ಇನ್ನೂ ಇಲ್ಲ.

ಹೋದ ಶುಕ್ರವಾರ ಸ್ಕ್ಯಾನಿಗೆ ಹೋಗಿದ್ದೆ. ಪರದೆಯ ಮೇಲೆ ಒಂದು ಕಪ್ಪು ಚುಕ್ಕೆ, ಅದರ ಎರಡು ತುದಿಗೆ ಗುರುತು ಹಾಕಿ ಡಾಕ್ಟರಮ್ಮ ಅಳೆದರು. ಈ ತಿಂಗಳಿನ ಅಂಡದ ಚೀಲ, 19 ಮಿಲಿಮೀಟರ್. "ಯಾವ ಕಡೆ ಮೇಡಂ?" ಅಂದೆ. "ಎಡಗಡೆ" ಅಂದರು.

ಹೊರಗೆ ಬಂದು ಫೋನ್ ಮಾಡಿದೆ.

"ಏನಂದ್ರವ್ವಾ ಡಾಕ್ಟ್ರು?"

"ಹತ್ತೊಂಬತ್ತು ಅಂದ್ರು ಅತ್ತೆ, ಎಡಗಡೆ."

"ಅಂದ್ರೆ ಒಳ್ಳೇದಾ?"

"ಒಳ್ಳೇದೇ ಅತ್ತೆ. ಬರ್ತಾ ಸೊಪ್ಪು ತರ್ಲಾ?"

ನಮಸ್ಕಾರ.