ಓಡುವ ನಾಯಿಗೂ ಇರುಳುಗುರುಡು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಒಂದು ಹಸ್ಕಿ ಬಂದು ಮಲಗಿದೆ. ಅದಕ್ಕೂ ನಮಸ್ಕಾರ. ಅದರ ಹತ್ತಿರ ಕೊನೆಗೆ ಬರುತ್ತೇನೆ.

ಮೊದಲು ಗಾಂಜೋ ಅನ್ನುವ ನಾಯಿಯ ವಿಷಯ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಿಮದ ಮೇಲೆ ಸ್ಲೆಡ್ ಗಾಡಿ ಎಳೆಯುತ್ತಿದ್ದ ಅಲಾಸ್ಕನ್ ಹಸ್ಕಿ ಅದು. ಕಣ್ಣು ಪೂರ್ತಿ ಹೋಗಿತ್ತು. ಓಟ ಮಾತ್ರ ಬಿಡಲಿಲ್ಲ. ಒಡಹುಟ್ಟಿದ ಪಾಂಚೋ ಪಕ್ಕದಲ್ಲೇ ಓಡುತ್ತಿತ್ತು. ಒಮ್ಮೆ ಗಾಂಜೋ ಎಡವಿ ಹಿಮದೊಳಗೆ ಬಿದ್ದಾಗ, ಪಾಂಚೋ ಅದರ ಎದೆಪಟ್ಟಿಗೆ ಬಾಯಿ ಹಾಕಿ ಎಳೆದು ದಾರಿಗೆ ತಂದಿತು. 2012ರಲ್ಲಿ ಇದು ಪತ್ರಿಕೆಗಳಲ್ಲಿ ಬಂತು. ಓದಿದವರು ಅಣ್ಣತಮ್ಮಂದಿರ ಪ್ರೀತಿ ಅಂತ ಕಣ್ಣೊರೆಸಿಕೊಂಡರು. ನಾನು ನಾಯಿ ಡಾಕ್ಟರು, ನನ್ನ ತಲೆಗೆ ಹೊಳೆದದ್ದೇ ಬೇರೆ. ಕುರುಡಾದ ಮೇಲೂ ಇಷ್ಟು ಚೆನ್ನಾಗಿ ಓಡುವ ನಾಯಿ ಕುರುಡಾಗುತ್ತಿರುವಾಗ ಯಾರಿಗೆ ತಾನೇ ಗೊತ್ತಾಗುತ್ತದೆ?

ಸ್ಲೆಡ್ ಕಟ್ಟುವ ರೀತಿ ನೋಡಿ. ನಡುವೆ ಒಂದು ಉದ್ದ ಹಗ್ಗ. ಅದರ ಎರಡೂ ಕಡೆ ಜೋಡಿ ಜೋಡಿಯಾಗಿ ನಾಯಿಗಳು. ಎಳೆಯಲು ಬೆನ್ನ ಹಿಂದೆ ಒಂದು ಹಗ್ಗ, ಅತ್ತಿತ್ತ ಹೋಗದಂತೆ ಕುತ್ತಿಗೆಗೆ ಇನ್ನೊಂದು ತುಂಡು ಹಗ್ಗ. ನಮ್ಮ ಎತ್ತಿನ ಗಾಡಿಯಲ್ಲಿ ನೊಗ ಮಾಡುವ ಕೆಲಸವನ್ನು ಇಲ್ಲಿ ಹಗ್ಗ ಮಾಡುತ್ತದೆ. ದಾರಿ ನೋಡಬೇಕಾದದ್ದು ಮುಖ್ಯವಾಗಿ ಮುಂದಿನ ಜೋಡಿ. ಉಳಿದವು ಹಗ್ಗದ ಬಿಗಿ, ಪಕ್ಕದವನ ಉಸಿರು, ಪಾದದಡಿಯ ಗಟ್ಟಿ ಹಿಮ ಇವುಗಳ ಮೇಲೇ ಓಡಿಬಿಡುತ್ತವೆ.

ಇನ್ನು ನಾಯಿಯನ್ನು ಹೀಗೆ ಸದ್ದಿಲ್ಲದೆ ಕುರುಡು ಮಾಡುವ ಒಂದು ಕಾಯಿಲೆ. ಕಣ್ಣಿನ ಹಿಂಭಾಗದ ಪರದೆಗೆ ರೆಟಿನಾ ಅನ್ನುತ್ತೇವೆ. ಅದರಲ್ಲಿ ಎರಡು ಬಗೆಯ ಕೋಶಗಳು. ಮಬ್ಬು ಬೆಳಕಿಗೆ ರಾಡ್, ಹಗಲಿಗೆ ಮತ್ತು ಬಣ್ಣಕ್ಕೆ ಕೋನ್. ರೆಟಿನಾ ಮೆಲ್ಲಮೆಲ್ಲಗೆ ಸವೆದುಹೋಗುವ ಪಿಆರ್‌ಎ ಅನ್ನುವ ವಂಶದ ಕಾಯಿಲೆಯಲ್ಲಿ ಸಾಮಾನ್ಯವಾಗಿ ರಾಡ್‌ಗಳು ಮೊದಲು ಸಾಯುತ್ತವೆ. ಅಂದರೆ ಮೊದಲು ಇರುಳುಗುರುಡು, ಆಮೇಲೆ ಹಗಲೂ ಹೋಗುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಇರುಳುಗುರುಡು ಅಂದ ಕೂಡಲೇ 'ಕ್ಯಾರೆಟ್ ಹಾಕಲಾ ಡಾಕ್ಟ್ರೇ?' ಅಂತ ಕೇಳುತ್ತಾರೆ. ಹಾಕಿ, ತಿನ್ನಲಿ. ಆದರೆ ಇದು ವಿಟಮಿನ್ ಕೊರತೆಯಲ್ಲ, ಜೀನ್‌ನಲ್ಲಿನ ತಪ್ಪು.

ಸೈಬೀರಿಯನ್ ಹಸ್ಕಿಯಲ್ಲಿ ಈ ತಪ್ಪು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಆರ್‌ಪಿಜಿಆರ್ ಅನ್ನುವ ಜೀನ್‌ನಲ್ಲಿ ಡಿಎನ್‌ಎಯ 5 ಅಕ್ಷರ ಬಿಟ್ಟುಹೋಗಿವೆ. ಬರೀ 5. ಗಂಡಿಗೆ ಒಂದೇ ಎಕ್ಸ್, ಹಾಗಾಗಿ ತಪ್ಪು ಬಂದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಹೆಣ್ಣಿಗೆ ಎರಡಿವೆ. ಒಂದರಲ್ಲಿ ತಪ್ಪಿದ್ದರೂ ಅದು ಬಹುಮಟ್ಟಿಗೆ ಚೆನ್ನಾಗಿಯೇ ನೋಡುತ್ತದೆ, ಹುಟ್ಟುವ ಗಂಡುಮರಿಗಳಲ್ಲಿ ಸರಾಸರಿ ಅರ್ಧಕ್ಕೆ ಕಾಯಿಲೆ ದಾಟಿಸುತ್ತದೆ. ಅದರ ರೆಟಿನಾದಲ್ಲಿ ಮಾತ್ರ ಸರಿಯಿರುವ ಜಾಗ, ಕೆಟ್ಟ ಜಾಗ ತೇಪೆ ತೇಪೆಯಾಗಿರುತ್ತದೆ, ಕೌದಿ ಹೊಲಿದ ಹಾಗೆ.

ಈ ತಳಿ ಅಲಾಸ್ಕಾಕ್ಕೆ ಬಂದದ್ದೇ ರೇಸಿಗಾಗಿ. ನೋಮ್ ಪಟ್ಟಣದಲ್ಲಿ 1908ರಲ್ಲಿ 408 ಮೈಲಿಯ ಸ್ಲೆಡ್ ಓಟ ಶುರುವಾಯಿತು. ಮರುವರ್ಷ ಸೈಬೀರಿಯದಿಂದ ಸಣ್ಣಗಾತ್ರದ ನಾಯಿಗಳನ್ನು ತಂದಾಗ ಜನ ನಕ್ಕರು. 1910ರಲ್ಲಿ ಅವೇ ಗೆದ್ದವು. ಆಮೇಲೆ ಗೆದ್ದ ನಾಯಿಯ ಮರಿ ಎಲ್ಲರಿಗೂ ಬೇಕು, ಅಲ್ವಾ? ಗೆಲ್ಲುವವರ ಕಾಲು ನೋಡಿ ಮರಿ ಮಾಡಿಸುತ್ತಾರೆ, ಕಣ್ಣು ನೋಡುವವರು ಕಡಿಮೆ. ಅದೂ ಈ ಕಾಯಿಲೆ ಮರಿಯಲ್ಲಿ ಕಾಣಿಸುವುದೇ ಇಲ್ಲ.

ಸಾಮಾನು ಎಳೆಯುವ ಅಲಾಸ್ಕನ್ ಮಾಲಮ್ಯೂಟ್‌ಗಳಲ್ಲಿ ಇದಕ್ಕೆ ತದ್ವಿರುದ್ಧದ ಕಾಯಿಲೆ ಇದೆ. ಕೋನ್ ಕೆಡುತ್ತದೆ, ನಾಯಿ ರಾತ್ರಿ ನೋಡುತ್ತದೆ, ಹಗಲು ಹಿಮದ ಬೆಳಕಿನಲ್ಲಿ ತಡಕಾಡುತ್ತದೆ. ಮನುಷ್ಯರಲ್ಲೂ ಈ ಬಗೆಯ ಕಾಯಿಲೆ ಉಂಟು. ಅದನ್ನು ಹುಟ್ಟಿನಿಂದ ಹೊತ್ತ ರೇಚಲ್ ಸ್ಕಡೋರಿಸ್ 2006ರಲ್ಲಿ ಅಲಾಸ್ಕಾದ ಸುಮಾರು 1,600 ಕಿಲೋಮೀಟರಿನ ಇಡಿಟರಾಡ್ ಸ್ಲೆಡ್ ಓಟ ಮುಗಿಸಿದರು. ಜೊತೆಗೆ ಇನ್ನೊಂದು ಸ್ಲೆಡ್‌ನಲ್ಲಿ ಒಬ್ಬರು ದಾರಿ ಹೇಳುತ್ತಾ ಹೋದರು. ಅವರಿಗೂ ಒಬ್ಬ ಪಾಂಚೋ ಬೇಕಾಯಿತು ಅನ್ನಿ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿನ ಸೆಕೆಗೆ ಹಸ್ಕಿ ತರಬೇಡಿ ಅಂತ ಹೇಳಿ ಹೇಳಿ ಸಾಕಾಗಿದೆ, ಇರಲಿ. ಒಂದು ಗಂಡು ಹಸ್ಕಿಯನ್ನು ನನ್ನ ಹತ್ತಿರ ತಂದಿದ್ದರು. ದೂರು ಏನು? 'ಸೋಂಬೇರಿಯಾಗಿದೆ, ಸಂಜೆ ಮೆಟ್ಟಿಲು ಇಳಿಯಲ್ಲ.' ಇನ್ನೊಂದು ಮಾತನ್ನು ಆ ಮನೆಯ ಅಮ್ಮ ಸುಮ್ನೆ ಸೇರಿಸಿದರು, 'ಈಚೆಗೆ ಕಣ್ಣು ಜಾಸ್ತಿ ಹೊಳೆಯುತ್ತೆ.' ನನಗೆ ಬೇಕಾಗಿದ್ದದ್ದು ಆ ಮಾತೇ. ರೆಟಿನಾ ತೆಳುವಾದಷ್ಟೂ ಅದರ ಹಿಂದಿನ ಹೊಳಪಿನ ಪದರ ಹೆಚ್ಚು ಬೆಳಕು ವಾಪಸು ಕಳಿಸುತ್ತದೆ. ಟಾರ್ಚ್ ಬಿಟ್ಟೆ. ಪಾಪೆ ಅಗಲವಾಗಿಯೇ ಉಳಿಯಿತು. ಮನೆಯಲ್ಲಿ ಸೋಫಾ ಸರಿಸಿದ ದಿನ ಅದು ಡಿಕ್ಕಿ ಹೊಡೆದಿತ್ತಂತೆ. ಅಲ್ಲಿವರೆಗೆ ಮನೆಯ ನಕ್ಷೆ ಅದರ ತಲೆಯಲ್ಲಿತ್ತು. ಮರಿ ಮಾರಿದವರು ವಂಶದ ಕಾಗದ ಕೊಟ್ಟಿದ್ದರು, ಅದರಲ್ಲಿ ಚಾಂಪಿಯನ್ ಅಜ್ಜನ ಹೆಸರಿತ್ತು. ತಾಯಿಯ ಕಣ್ಣಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ತಾಯಿನಾಯಿಯ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಕಳಿಸಿದರೆ ಸಾಕು, ಲ್ಯಾಬ್ ಹೇಳಿಬಿಡುತ್ತದೆ. ಅದನ್ನು ಕೇಳಿ ಮರಿ ತನ್ನಿ.

ಇದಕ್ಕೆ ಇಂದು ಕೊಡಬಹುದಾದ ಔಷಧಿ ನನ್ನ ಹತ್ತಿರ ಇಲ್ಲ. ಇದೇ ಜೀನ್ ಕೆಟ್ಟ ನಾಯಿಗಳ ಕಣ್ಣಿಗೆ ಸರಿಯಾದ ಜೀನ್ ಸೇರಿಸಿ ರೆಟಿನಾ ಉಳಿಸಬಹುದು ಅಂತ 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ತೋರಿಸಿದರು. ಮನುಷ್ಯರ ಮೇಲಿನ ಪ್ರಯೋಗಗಳು ಆಮೇಲೆ ಬಂದವು. ಮನೆಯಲ್ಲಿ ಸಾಕಿದ ನಾಯಿಗಳ ಸರದಿ ಇನ್ನೂ ಬಂದಿಲ್ಲ.

ಸರಿ, ಹಿಂದಿನ ಸಾಲಿನ ಆ ಹಸ್ಕಿಯನ್ನು ಮುಂದೆ ಕರೆತನ್ನಿ. ನನ್ನ ಕೈಯಲ್ಲಿರುವುದು ಹತ್ತಿಯ ಉಂಡೆ. ಬಿದ್ದರೆ ಸದ್ದಿಲ್ಲ, ವಾಸನೆಯೂ ಇಲ್ಲದಷ್ಟು. ಅದರ ಮೂಗಿನ ಮುಂದೆ, ಒಂದು ಮೊಳ ದೂರದಲ್ಲಿ ಮೇಲಿಂದ ಬಿಡುತ್ತೇನೆ. ನೀವು ಹತ್ತಿ ನೋಡಬೇಡಿ, ನಾಯಿಯ ತಲೆ ನೋಡಿ. ಹಾಂ, ಬಗ್ಗಿತು. ಬೆಳಕಿನಲ್ಲಿ ಪಾಸು. ಈಗ ಯಾರಾದರೂ ಆ ಸ್ವಿಚ್ ಹತ್ತಿರ ಇರುವವರು, ಎರಡು ಲೈಟ್ ಆರಿಸುತ್ತೀರಾ?