ನಾಬ್ ಆನ್‌ಗೆ ತಿರುಗಿಸಿದಿರಾ?

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಹಳೇ ಬೈಕ್ ಓಡಿಸುವವರಿಗೆ. ಆರ್‌ಎಕ್ಸ್ 100, ಹಳೇ ಬುಲೆಟ್, ನಮ್ಮ ಮೈಸೂರಿನ ಯೆಜ್ಡಿ. ಯೆಜ್ಡಿ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಆದರೆ ಗಾಡಿಗಳು ಇನ್ನೂ ಡುಗುಡುಗು ಅನ್ನುತ್ತಲೇ ಇವೆ. ಈ ಗಾಡಿಗಳಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ಇಲ್ಲ. ಅದಕ್ಕೇ ಜನ ಟ್ಯಾಂಕ್ ಅಲುಗಾಡಿಸಿ, ಕಿವಿ ಇಟ್ಟು, 'ಇದೆ ಇದೆ' ಅನ್ನುತ್ತಾರೆ. ಗುಳುಗುಳು ಶಬ್ದ ಅರ್ಧ ಲೀಟರ್ ಇದ್ದರೂ ಬರುತ್ತದೆ, ಸ್ವಾಮಿ.

ಟ್ಯಾಂಕಿನ ಕೆಳಗೆ ಆನ್, ರಿಸರ್ವ್ ಅಂತ ತಿರುಗಿಸುವ ಒಂದು ನಾಬ್ ಇದೆಯಲ್ಲ, ಅದೇ ನಿಮ್ಮ ಮೀಟರ್. ರಿಸರ್ವ್ ಅಂದರೆ ಒಳಗೆ ಬೇರೆ ಡಬ್ಬಿ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಟ್ಯಾಂಕ್ ಒಂದೇ. ಒಳಗೆ ಒಂದು ಸಣ್ಣ ಕೊಳವೆ ಎದ್ದು ನಿಂತಿರುತ್ತದೆ, ಅದರ ಬುಡದಲ್ಲಿ ಇನ್ನೊಂದು ತೂತು. ನಾಬ್ ಆನ್‌ನಲ್ಲಿದ್ದರೆ ಪೆಟ್ರೋಲ್ ಕೊಳವೆಯ ಮೇಲಿನ ತುದಿಯಿಂದ ಇಳಿಯುತ್ತದೆ. ಮಟ್ಟ ಅದಕ್ಕಿಂತ ಕೆಳಗೆ ಹೋದರೆ ಗಾಡಿ ಗುಕ್ ಗುಕ್ ಅಂತ ಎಳೆಯುತ್ತದೆ. ಆಗ ರಿಸರ್ವ್‌ಗೆ ತಿರುಗಿಸಿದರೆ ಬುಡದ ತೂತಿನಿಂದ ಉಳಿದದ್ದು ಬರುತ್ತದೆ. ಪೆಟ್ರೋಲ್ ಹಾಕಿಸಿದ ಮೇಲೆ ನಾಬ್ ಮತ್ತೆ ಆನ್‌ಗೆ ಬರಬೇಕು. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ.

ನಮ್ಮ ಗ್ಯಾರೇಜಿಗೆ ಬರುವ ಒಬ್ಬ ಮೇಷ್ಟ್ರಿದ್ದಾರೆ. ಆರ್‌ಎಕ್ಸ್ 100 ಅವರದ್ದು, ಕನ್ನಡಿಯಂತೆ ಇಟ್ಟಿದ್ದಾರೆ. ಒಮ್ಮೆ ಮನೆಯವರನ್ನು ಕೂರಿಸಿಕೊಂಡು ಊಟಿಗೆ ಹೊರಟರು. ಗುಂಡ್ಲುಪೇಟೆಯಲ್ಲಿ ಮನೆಯವರು, 'ರೀ, ಪೆಟ್ರೋಲ್ ಹಾಕಿಸಿಬಿಡಿ' ಅಂದರಂತೆ. ಮೇಷ್ಟ್ರು, 'ಸುಮ್ನಿರು, ಇನ್ನೂ ರಿಸರ್ವ್‌ಗೇ ಬಂದಿಲ್ಲ' ಅಂದರು. ಬಂಡೀಪುರ ದಾಟಿತು. ಕಾಡಿನ ನಡುವೆ, ತಮಿಳುನಾಡು ಗಡಿಯ ಕೆಕ್ಕನಹಳ್ಳ ಇನ್ನೂ ಬಂದಿಲ್ಲ, ಗಾಡಿ ಗುಕ್ ಅಂತು. ಮೇಷ್ಟ್ರು ಗತ್ತಿನಿಂದ ಎಡಗೈ ಕೆಳಗೆ ಬಿಟ್ಟರು. ನಾಬ್ ಆಗಲೇ ರಿಸರ್ವ್‌ನಲ್ಲಿತ್ತು! ಹಿಂದಿನ ಸಲ ರಿಸರ್ವ್‌ಗೆ ಬಂದಾಗ ತಿರುಗಿಸಿದ್ದು, ಆಮೇಲೆ ಪೆಟ್ರೋಲ್ ಹಾಕಿಸಿದ್ದರು, ನಾಬ್ ಮಾತ್ರ ಅಲ್ಲೇ. ರಸ್ತೆ ಮೇಲೆ ಆನೆ ಲದ್ದಿ, ಇನ್ನೂ ಹಬೆ ಆಡುತ್ತಿದೆ. ಮನೆಯವರು ಒಂದು ಮಾತೂ ಆಡಲಿಲ್ಲವಂತೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಅನ್ನುತ್ತಾರೆ ಮೇಷ್ಟ್ರು. ಅಷ್ಟರಲ್ಲಿ ಒಂದು ಬಸ್ಸು ಬಂತು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, 'ಇಲ್ಲೆಲ್ಲಾ ಗಾಡಿ ನಿಲ್ಲಿಸಬಾರದು ಕಣ್ರೀ, ಬೋರ್ಡ್ ಓದೋಕೆ ಬರಲ್ವಾ?' ಅಂದ. ಕೇಳಿಸಿಕೊಂಡವರು ಮೇಷ್ಟ್ರು!

ಪುಣ್ಯಕ್ಕೆ ಡ್ರೈವರ್‌ಗೆ ಗಾಡಿ ಗೊತ್ತಿತ್ತು. 'ನಾಬ್ ಇರೋ ಕಡೆಗೆ ಚೆನ್ನಾಗಿ ವಾಲಿಸಿ' ಅಂತ ಕೂಗಿ ಹೇಳಿದ. ಯಾಕೆ ಗೊತ್ತಾ? ಕತ್ತೆ ಬೆನ್ನಿನ ಮೇಲೆ ಎರಡೂ ಕಡೆ ಮೂಟೆ ಇಳಿಬಿದ್ದ ಹಾಗೆ ಟ್ಯಾಂಕ್ ಚೌಕಟ್ಟಿನ ಮೇಲೆ ಕೂತಿರುತ್ತದೆ. ನಾಬ್ ಇಲ್ಲದ ಕಡೆಯ ಪೆಟ್ರೋಲ್ ಅಲ್ಲೇ ಉಳಿದುಬಿಡುತ್ತದೆ. ವಾಲಿಸಿದರೆ ಈಚೆಗೆ ಬರುತ್ತದೆ. ಬಂತು. ಗಾಡಿ ತಿರುಗಿಸಿ, ಮೆಲ್ಲಗೆ ಬಂಡೀಪುರಕ್ಕೆ ವಾಪಸ್. ಊಟಿ ಆ ದಿನ ಆಗಲಿಲ್ಲ.

ನೋಡಿ, ಹೊಸ ಪ್ಲಗ್ ಹಾಕಿಸಲು ಜನ ಓಡಿ ಬರುತ್ತಾರೆ. ಪುಕ್ಕಟೆಯಾಗಿ ನಾಬ್ ತಿರುಗಿಸಿ ಅಂದರೆ ಮರೆಯುತ್ತಾರೆ. ಬಂಕಿನಲ್ಲಿ ಮುಚ್ಚಳ ಹಾಕಿದ ಕೈಯಲ್ಲೇ ನಾಬ್ ಆನ್‌ಗೆ ತಿರುಗಿಸಿ. ದುಡ್ಡು ಕೊಡುವುದು ಆಮೇಲೆ.

ಸಮಯ ಆಗುತ್ತಾ ಬಂತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಲೆಕ್ಕದ ವಿಷಯ ಬೇಗ ಹೇಳಿಬಿಡುತ್ತೇನೆ. ಫುಲ್ ಟ್ಯಾಂಕ್ ಮಾಡಿಸಿ, ಮೀಟರಿನ ಕಿಲೋಮೀಟರ್ ಬರೆದಿಡಿ. ಮತ್ತೆ ಫುಲ್ ಮಾಡಿಸುವಾಗ 280 ಕಿಲೋಮೀಟರ್ ಓಡಿದ್ದು, 7 ಲೀಟರ್ ಹಿಡಿಯಿತು ಅಂದುಕೊಳ್ಳಿ. ಲೀಟರಿಗೆ 40. ಟ್ಯಾಂಕ್ 10 ಲೀಟರ್, ರಿಸರ್ವ್ 2 ಲೀಟರ್ ಆದರೆ 320ಕ್ಕೆ ಗುಕ್ ಅನ್ನಬೇಕು. ಅದಕ್ಕೆ ತುಂಬಾ ಮುಂಚೆಯೇ ಗುಕ್ ಅಂದರೆ ಪೆಟ್ರೋಲ್ ಎಲ್ಲೋ ಸೋರುತ್ತಿದೆ, ಇಲ್ಲಾ ಕಾರ್ಬುರೇಟರ್ ಜಾಸ್ತಿ ಕುಡಿಯುತ್ತಿದೆ, ಗ್ಯಾರೇಜಿಗೆ ತನ್ನಿ. 320 ದಾಟಿದರೂ ಗುಕ್ ಅನ್ನಲೇ ಇಲ್ಲವಾ? ಖುಷಿಪಡಬೇಡಿ, ನಾಬ್ ನೋಡಿ.

ಮೀಟರ್ ಕೇಬಲ್ ತುಂಡಾಗಿದ್ದರೆ ಮೊದಲು ಅದನ್ನು ಹಾಕಿಸಿ. ಟ್ಯಾಂಕಿನೊಳಗೆ ಇಣುಕುವಾಗ ಬೆಂಕಿಕಡ್ಡಿ ಗೀರಬೇಡಿ, ದಮ್ಮಯ್ಯ. ಟಾರ್ಚ್ ಇದೆಯಲ್ವಾ? ಇನ್ನು, ಈಗ ಯಾರಾದರೂ ರೇಡಿಯೋ ಹಾಕಿಕೊಂಡು ಗಾಡಿ ಪಕ್ಕದಲ್ಲೇ ಕೂತಿದ್ದರೆ, ಸ್ವಲ್ಪ ಬಗ್ಗಿ ನೋಡಿ, ನಾಬ್ ಯಾವ ಕಡೆಗಿದೆ? ನಮಸ್ಕಾರ.